ಒಂದು ಚಿಟಿಕೆ ಜಸ್ತ

ಫೋನಿನಲ್ಲಿ ಉದ್ದ ಮಾತಾಡುವುದು ನನಗೆ ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿ ಇಟ್ಟುಬಿಡುತ್ತೇನೆ. ಉದಗೀರದ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತ ಇಪ್ಪತ್ತು ವರ್ಷ ದಾಟಿತು. ಒಂದೇ ಮಾತನ್ನು ಮರಾಠಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಹಿಂದಿನ ಬೆಂಚಿನವರಿಗಾಗಿ ಮತ್ತೊಮ್ಮೆ ಹೇಳಿ ಹೇಳಿ ಮನೆಯವರ ಪಾಲಿಗೆ ಮಾತೇ ಉಳಿಯುವುದಿಲ್ಲ ಎಂದು ನಾನು ಸಬೂಬು ಹೇಳುತ್ತಿದ್ದೆ. ಅಕ್ಕ ಅದನ್ನು ಒಪ್ಪುತ್ತಿರಲಿಲ್ಲ. ಮೂಗಿನ ತುದಿಯ ಸಿಟ್ಟು ನಿನಗೆ ಮುರುಮದಲ್ಲಿ ಲಂಗ ಉಟ್ಟಾಗಿನಿಂದಲೇ ಇತ್ತು, ಅದಕ್ಕೆ ಮಾಸ್ತರಿಕೆಯ ನೆಪ ಯಾಕೆ ಎಂದು ನಗುತ್ತಿದ್ದಳು. ಮುರುಮ ನಮ್ಮ ತವರು. ಅಪ್ಪನಿಗೆ ಅಲ್ಲಿ ಧಾನ್ಯದ ವ್ಯಾಪಾರವಿತ್ತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಕೊಟ್ಟದ್ದು ದೇವಣಿಯ ಆಚೆಗಿನ ವಲಾಂಡಿಗೆ, ಹೊಲ, ದನ, ಕೂಡುಮನೆ ಎಲ್ಲ ಇದ್ದ ಕುಟುಂಬಕ್ಕೆ. ಮಕ್ಕಳಾಗಲಿಲ್ಲ. ನಮ್ಮ ಭಾವ ಒಂದು ಮಧ್ಯಾಹ್ನ ಎದೆ ಹಿಡಿದಂತಾಗಿದೆ ಎಂದು ಹೊರಸಿನ ಮೇಲೆ ಮಲಗಿದವರು ಏಳಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ಭಾವನ ಅಣ್ಣ ಅಕ್ಕನನ್ನು ಕರೆದು ಮಾತಾಡಿದರು. ಅವರನ್ನು ಆ ಮನೆಯಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಾರೆ. ದನಿ ಎತ್ತಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಹೊಲವೆಲ್ಲ ಒಂದೇ ಕೈಯಲ್ಲಿ ಇರಲಿ, ನೀನು ಮನೆಯಲ್ಲಿ ಲಿಂಗಪೂಜೆ ಮಾಡಿಕೊಂಡು ಆರಾಮಾಗಿರು, ಉಣ್ಣುವುದಕ್ಕೆ ಉಡುವುದಕ್ಕೆ ಕಡಿಮೆ ಮಾಡುವುದಿಲ್ಲ ಅಂದರು.

ಅಕ್ಕ ಆಗುವುದಿಲ್ಲ ಅಂದಳು. ಆ ಮನೆಯಲ್ಲಿ ಅವಳು ಅಂದ ಮೊದಲನೆಯ ‘ಇಲ್ಲ’ ಅದೇ ಇರಬೇಕು. ಬೀಗರು, ಹಿರಿಯರು ಕೂಡಿ ಕಡೆಗೆ ಒಂದು ತೀರ್ಮಾನವಾಯಿತು. ರಸ್ತೆಗೆ ಹತ್ತಿದ ನಾಲ್ಕು ಎಕರೆಯನ್ನು ಅಕ್ಕ ಒಂದು ಹಿಂಗಾರಿ ತಾನೇ ಮಾಡಿ ತೋರಿಸಬೇಕು. ಬೆಳೆ ನಾಲ್ಕು ಮಂದಿ ಮೆಚ್ಚುವಂತೆ ಬಂದರೆ ಅವಳು ಇರುವತನಕ ಆ ಹೊಲ ಅವಳ ಕೈಯಲ್ಲಿ. ಬಾರದಿದ್ದರೆ ಮತ್ತೆ ದೊಡ್ಡವರ ಕೈಯಲ್ಲಿ. ಸಾತಬಾರಾ ಉತಾರೆಯಲ್ಲಿ, ಹೊಲದ ಸರಕಾರಿ ದಾಖಲೆಯಲ್ಲಿ, ಅಕ್ಕನ ಹೆಸರು ಹತ್ತಿತ್ತು, ಸುಳ್ಳಲ್ಲ. ಆದರೆ ಬದುವಿನ ಮೇಲೆ ಉತಾರೆ ನಡೆಯುವುದಿಲ್ಲ, ದೊಡ್ಡವರ ಮಾತು ನಡೆಯುತ್ತದೆ. ಆ ದಿನ ನಾನು ಬಸ್ಸು ಹತ್ತುವಾಗ ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು.

“ಆ ಹೊಲ ಹೋತಂದ್ರ ನಾ ಆ ಮನ್ಯಾಗ ಬರೇ ಉಣ್ಣಾಕಿ ಆಗ್ತೀನಿ, ತಂಗಿ. ಹಂಗ ಬದುಕೂದು ನನಗ ಬ್ಯಾಡ.”

ಕಡಲೆ ಹಾಕುವುದು ಎಂದಾಯಿತು. ತೊಂದರೆ ಏನೆಂದರೆ ಆ ನಾಲ್ಕು ಎಕರೆಯಲ್ಲಿ ವರ್ಷಗಟ್ಟಲೆ ಕಬ್ಬು ನಿಂತಿತ್ತು. ಕಡಲೆಯ ಬೇರಿಗೆ ಗಂಟು ಕಟ್ಟುತ್ತವಲ್ಲ, ಆ ಗಂಟಿನೊಳಗೆ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಜೀವಾಣುಗಳು ಅಂಥ ನೆಲದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಭಾವ ಬದುಕಿದ್ದಾಗ ಬಾವಿಯ ಹತ್ತಿರದ ಪಟ್ಟಿಯಲ್ಲಿ ಒಂದು ವರ್ಷ ಕಡಲೆ ಬೆಳೆದಿದ್ದರು. ಹಸಿ ಕಡಲೆ ತಿನ್ನಲು ಹೋಗಿದ್ದ ನಾನು ಒಂದು ಗಿಡ ಕಿತ್ತು ನೋಡಿದ್ದೆ. ಬೇರಿನ ತುಂಬ ಗಂಟು, ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಮಾಸ್ತರಿಕೆಯ ಚಟ ಸುಮ್ಮನಿರಬೇಕಲ್ಲ. ಊಟದ ಡಬ್ಬಿಯಲ್ಲಿ ಬೇರು ಇಟ್ಟುಕೊಂಡು ಉದಗೀರಕ್ಕೆ ತಂದು, ತೊಳೆದು, ಅರೆದು, ಒಳಗಿನ ಜೀವಾಣುವನ್ನು ಬೇರೆ ಮಾಡಿ ಬೆಳೆಸಿದ್ದೆ. ಅಂದಿನಿಂದ ಲ್ಯಾಬಿನ ಫ್ರಿಜ್ಜಿನಲ್ಲಿ ಅದು ಬದುಕಿತ್ತು. ಕೆಲವು ತಿಂಗಳಿಗೊಮ್ಮೆ ಹಳೆಯ ನಳಿಕೆಯಿಂದ ಹೊಸ ನಳಿಕೆಗೆ ಹಚ್ಚುತ್ತಿದ್ದೆ. ಭಾವ ಹೋದ ಮೇಲೆ ಅಕ್ಕನಿಗೆ ಈ ವಿಷಯ ಹೇಳಿದೆ. ಅದಕ್ಕೊಂದು ಹೆಸರು ಅವಳೇ ಇಟ್ಟಳು. ಮೊಸರಿಗೆ ಹಾಕುವಂತೆ ಹೊಲಕ್ಕೂ ಹೆಪ್ಪು ಹಾಕುವುದು ಎಂದಳು. ಮುಂದೆ ನಾವಿಬ್ಬರೂ ಅದನ್ನು ಹೆಪ್ಪು ಎಂದೇ ಕರೆದೆವು.

ಅದೇ ಮಳೆಗಾಲದಲ್ಲಿ ನಮ್ಮ ಲ್ಯಾಬಿಗೆ ಇನ್ನೊಂದು ವಸ್ತು ಬಂತು. ಎಂ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಪ್ರಾಜೆಕ್ಟಿಗೆಂದು ತರಿಸಿಕೊಂಡ ಬಿಳಿಯ ಪುಡಿ. ಸತುವಿನ ಆಕ್ಸೈಡು, ಅದರ ನ್ಯಾನೋ ಕಣ. ನೋಡಿದರೆ ವಿಭೂತಿಗಿಂತ ನುಣುಪು. ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಮೇಲಕ್ಕೆ ಏಳುತ್ತಿತ್ತು. ನೀರಿಗೆ ಹಾಕಿದರೆ ಹಾಲಿನ ಹಾಗೆ ಮಬ್ಬಾಗಿ ಬಹಳ ಹೊತ್ತು ತಳಕ್ಕೆ ಕೂರುತ್ತಿರಲಿಲ್ಲ. ರೋಗದ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆಯೇ ನೋಡುವುದು ಅವಳ ಕೆಲಸ. ಪ್ಲೇಟಿನ ತುಂಬ ಬ್ಯಾಕ್ಟೀರಿಯಾ ಹರಡಿ, ನಡುವೆ ಸಣ್ಣ ಗುಂಡಿ ಮಾಡಿ, ಅದರಲ್ಲಿ ಈ ನೀರಿನ ಹನಿ ಬಿಡುವುದು. ಮಾರನೆಯ ದಿನ ಗುಂಡಿಯ ಸುತ್ತ ಏನೂ ಬೆಳೆಯದ ಬಯಲು ಕಂಡಿತು. ಹುಡುಗರು ಚಪ್ಪಾಳೆ ಹೊಡೆದರು. ನಾನೂ ಶಾಬಾಸ್ ಅಂದೆ.

ಏನು ಬುದ್ಧಿ ಬಂತೋ, ಒಂದು ಪ್ಲೇಟಿಗೆ ನಮ್ಮ ಹೆಪ್ಪನ್ನೂ ಹಚ್ಚಿ ನೋಡು ಅಂದೆ. ನಾಲ್ಕು ದಿನ ಬಿಟ್ಟು ತೆಗೆದು ನೋಡಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಉಳಿದ ಪ್ಲೇಟುಗಳಲ್ಲಿ ಗುಂಡಿಯ ಸುತ್ತಲಷ್ಟೇ ಬಯಲಿತ್ತು. ಹೆಪ್ಪಿನ ಪ್ಲೇಟಿನಲ್ಲಿ ಅದು ಅಂಚಿನವರೆಗೂ ಹರಡಿತ್ತು. ಜೀವಂತ ಹೆಪ್ಪಿನ ಒಂದು ಹನಿಯನ್ನು ನಾನೇ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಚುರುಕಾಗಿ ಈಜಾಡುತ್ತಿದ್ದವು. ಪುಡಿ ಕಲಸಿದ ನೀರನ್ನು ಸೂಜಿಯ ತುದಿಯಷ್ಟು ತಾಗಿಸಿದೆ. ಮೊದಲು ಅಂಚಿನವು ನಿಧಾನವಾದವು, ಆಮೇಲೆ ನಡುವಿನವು. ನಾನು ಕಣ್ಣು ತೆಗೆಯದೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ನಿಂತವು.

ಆ ಕಣಗಳು ಜೀವಾಣುವಿನ ಮೈಗೆ ಅಂಟಿಕೊಳ್ಳುತ್ತವೆ. ಕರಗಿದ ಸತು ಒಳಗೆ ಇಳಿಯುತ್ತದೆ, ಮೈಯ ಪೊರೆ ಹರಿಯುತ್ತದೆ, ಒಳಗಿನದು ಹೊರಗೆ ಸೋರುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆದು ಹೀಗೆಯೇ ಹೇಳಿಕೊಟ್ಟೆ. ಮ್ಯಾಡಮ್, ಇದು ಕೆಟ್ಟದ್ದು ಯಾವುದು ಒಳ್ಳೆಯದು ಯಾವುದು ಅಂತ ನೋಡುವುದಿಲ್ಲವೇ ಎಂದು ಆ ಹುಡುಗಿ ಕೇಳಿದಳು. ಅದಕ್ಕೇನು ಕಣ್ಣಿದೆಯೇ ಅಂದೆ. ಅವತ್ತು ಸಂಜೆ ಪ್ಲೇಟು, ಬಾಟಲಿ ಎಲ್ಲ ತೊಳೆದ ನೀರು ಎಂದಿನಂತೆ ಬೇಸಿನ್ನಿನ ಕೊಳವೆಯಲ್ಲಿ ಇಳಿದು ಕಾಲೇಜಿನ ಹಿಂದಿನ ನಾಲೆಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ದಸರೆ ಕಳೆದ ಮೇಲೆ ಒಂದು ರವಿವಾರ ಎರಡು ಬಾಟಲಿ ಹೆಪ್ಪು ಬೆಳೆಸಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ, ನಿಲಂಗಾದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ವಲಾಂಡಿಗೆ ಹೋದೆ. ಅಕ್ಕನಿಗೆ ಎಲ್ಲ ತೋರಿಸಿಕೊಟ್ಟೆ. ಬೆಲ್ಲದ ನೀರು ಕುದಿಸಿ ಪೂರ್ತಿ ಆರಿಸಬೇಕು, ಅದಕ್ಕೆ ಹೆಪ್ಪು ಬೆರೆಸಬೇಕು, ಬೀಜಕ್ಕೆ ಸವರಿ ನೆರಳಲ್ಲಿ ಒಣಗಿಸಿ ಅದೇ ದಿನ ಬಿತ್ತಬೇಕು. ಬಿಸಿಲು ತಾಗಿಸಬಾರದು, ಔಷಧ ಹಚ್ಚಿದ ಬೀಜ ತರಬಾರದು. ಅಕ್ಕ ಬೆರಳು ಮಡಿಚಿ ಮಡಿಚಿ ನೆನಪಿಟ್ಟುಕೊಂಡಳು. ನಾನು ಅಷ್ಟೆಲ್ಲ ಹೇಳಿದೆ, ಲ್ಯಾಬಿನಲ್ಲಿ ಕಣ್ಣಾರೆ ಕಂಡ ಆ ಬಿಳಿ ಪುಡಿಯ ಮಾತು ಮಾತ್ರ ಹೇಳಲಿಲ್ಲ. ಅದು ವಲಾಂಡಿಗೂ ಬರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಎರಡು ದಿನ ಬಿಟ್ಟು ಫೋನು ಬಂತು. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆದಿತ್ತು. ಹೊರಗಿನಿಂದ ಬಂದ ಪರೀಕ್ಷಕರು ನನ್ನ ದಾರಿ ಕಾಯುತ್ತ ಕೂತಿದ್ದರು. ವರಾಂಡದಲ್ಲಿ ಹುಡುಗರ ಗಲಾಟೆ, ಆ ಕಡೆ ಅಕ್ಕನ ಹೊಲದ ಗಾಳಿ. ದೇವಣಿಯಲ್ಲಿ ಬೀಜ ಕೊಂಡ ಅಂಗಡಿಯವನು ಜೊತೆಗೆ ಒಂದು ಪಾಕೀಟು ಕೊಟ್ಟಿದ್ದಾನಂತೆ. ಜಸ್ತದ ಪುಡಿಯಂತೆ, ಅಂದರೆ ಅದೇ ಸತು, ನ್ಯಾನೋ ಅಂತೆ. ಕರಿ ನೆಲಕ್ಕೆ ಜಸ್ತ ಕಡಿಮೆ ಇರುತ್ತದೆ, ಬೀಜಕ್ಕೇ ಹಚ್ಚಿದರೆ ಗಿಡ ಕಡುಹಸುರಾಗಿ, ಕಪ್ಪಗೆ ಏಳುತ್ತದೆ ಎಂದನಂತೆ. ಹೆಪ್ಪಿನ ಜೋಡಿ ಇದನ್ನೂ ಹಾಕಲೇನು ಎಂದು ಕೇಳಿದಳು.

“ಜಸ್ತ ಹಾಕಬ್ಯಾಡ, ಅಕ್ಕಾ” ಅಂದೆ.

ಆಗಲಿ ಎಂಬಂತೆ ಮರಾಠಿಯಲ್ಲಿ ಬರ, ಬರ ಅಂದಳು. ನಾನು ಇಟ್ಟುಬಿಟ್ಟೆ. ಒಳಗೆ ಹೋಗಿ ಕೂತ ಮೇಲೆ ಫೋನು ಮತ್ತೆ ಎರಡು ಸಲ ನಡುಗಿತು. ಪರೀಕ್ಷಕರ ಮುಂದೆ ಎತ್ತಲು ಸಂಕೋಚವಾಗಿ ಬ್ಯಾಗಿನ ತಳಕ್ಕೆ ತುರುಕಿದೆ. ಸಮಯಕ್ಕೆ ಸರಿಯಾಗಿ ಕೇಳಿದಳಲ್ಲ, ದೇವರು ದೊಡ್ಡವನು ಅಂದುಕೊಂಡೆ. ಅವತ್ತಿಡೀ ನನಗೆ ಸಮಾಧಾನವಿತ್ತು. ಸಂಜೆ ತಿರುಗಿ ಫೋನು ಮಾಡುವುದು ಮರೆತೇಹೋಯಿತು.

ಬೀಜ ಚೆನ್ನಾಗಿ ಮೊಳೆಯಿತು. ಬೀಜದೊಳಗೆ ಇದ್ದ ಬುತ್ತಿ ಮುಗಿಯುವವರೆಗೆ ಗಿಡಕ್ಕೆ ಯಾರ ಹಂಗೂ ಇರುವುದಿಲ್ಲ. ಅಕ್ಕ ದಿನಾ ಹೊಲದಿಂದಲೇ ಫೋನು ಮಾಡಿ ಸಾಲು ಹೇಗೆ ಎದ್ದಿವೆ, ಬದುವಿನ ಮೇಲೆ ನಿಂತು ಯಾರು ಏನು ಅಂದರು ಎಂದು ಹೇಳುವಳು. ಅವಳ ದನಿಯಲ್ಲಿ ಬಹಳ ವರ್ಷದ ಮೇಲೆ ಹುರುಪು ಕೇಳಿದ್ದೆ. ಆಮೇಲೆ ಒಂದು ದಿನ, ಕೆಳಗಿನ ಎಲೆ ಸ್ವಲ್ಪ ಬಿಳಿಚಿದೆ ಅಂದಳು. ನೀರು ಹೆಚ್ಚಾಗಿರಬೇಕು ಅಂದೆ. ಮತ್ತೊಂದು ದಿನ ದೊಡ್ಡವರು ಹೊಲದ ಸುತ್ತ ಒಂದು ಸುತ್ತು ಹಾಕಿ ಏನೂ ಮಾತಾಡದೆ ಹೋದರು ಅಂದಳು. ಅಷ್ಟು ಸಣ್ಣದಕ್ಕೆ ಹೆದರುತ್ತೀಯಲ್ಲ ಎಂದು ಅವಳನ್ನೇ ಗದರಿದೆ. ಆದರೆ ಅಂದಿನಿಂದ ನನಗೂ ಒಳಗೊಳಗೇ ಏನೋ ಸರಿಯಿಲ್ಲ ಅನಿಸತೊಡಗಿತು.

ಎಳ್ಳಮಾಸಿಯ ಅಮಾವಾಸ್ಯೆಗೆ ಹೋದೆ. ಆ ದಿನ ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಜೋಳದ ದಂಟಿನ ಗೂಡು ಮಾಡಿ, ಸುಣ್ಣ ಹಚ್ಚಿದ ಐದು ಕಲ್ಲು ಇಟ್ಟು ಪೂಜೆ ಮಾಡಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಆಮೇಲೆ ಅಂಬಲಿ, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆಯ ಕಡುಬು ಉಣ್ಣುವುದು. ಆ ವರ್ಷ ಪೂಜೆ ಅಕ್ಕನ ಹೊಲದಲ್ಲೇ ಆಗಬೇಕು ಎಂದು ದೊಡ್ಡವರು ಹೇಳಿದ್ದರಂತೆ. ತೀರ್ಮಾನ ಮಾಡಿದ್ದ ಬೀಗರು, ಹಿರಿಯರು ಎಲ್ಲರಿಗೂ ಅಲ್ಲಿಗೇ ಊಟಕ್ಕೆ ಹೇಳಿದ್ದರಂತೆ. ಅದು ಯಾಕೆ ಎಂದು ರಸ್ತೆಯಿಂದ ಇಳಿಯುವಾಗಲೇ ನನಗೆ ತಿಳಿಯಿತು. ಬದುವಿನ ಆಚೆ ಪಕ್ಕದವರ ಕಡಲೆ ಕಡುಹಸುರಾಗಿ ಹೂವು ಹಿಡಿದು ನಿಂತಿತ್ತು. ಈಚೆ ನಾಲ್ಕು ಎಕರೆ ಹಳದಿ.

ಚಪ್ಪಲಿ ಬಿಟ್ಟು ನೇರ ಹೊಲಕ್ಕೆ ಇಳಿದೆ. ಒಂದು ಗಿಡ ಕಿತ್ತೆ. ಬೇರು ತೊಳೆದು ಇಟ್ಟ ಹಾಗೆ ನುಣ್ಣಗಿತ್ತು. ಒಂದೂ ಗಂಟಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಕಿತ್ತೆ, ಆಮೇಲೆ ನಡುಹೊಲದಲ್ಲಿ, ಆಮೇಲೆ ಆ ತುದಿಯಲ್ಲಿ. ಒಂದರಲ್ಲಿ ಮಾತ್ರ ಸಾಸಿವೆಯಷ್ಟು ಎರಡು ಗಂಟು ಸಿಕ್ಕವು. ಉಗುರಿನಿಂದ ಸೀಳಿದೆ. ಒಳಗೆ ಬೆಳ್ಳಗಿತ್ತು, ಗುಲಾಬಿ ಬಣ್ಣದ ಸುಳಿವೇ ಇಲ್ಲ.

ಅಕ್ಕ ಚರಗದ ಬೋಗುಣಿ ಹಿಡಿದುಕೊಂಡೇ ನನ್ನ ಹಿಂದೆ ಬಂದಿದ್ದಳು. ಹೆಪ್ಪಿಗೆ ಏನು ಮಾಡಿದೆ, ಮೊದಲಿನಿಂದ ಹೇಳು ಅಂದೆ. ಅವಳು ಹೇಳಿದಳು. ಬೆಲ್ಲದ ನೀರು ಪೂರ್ತಿ ಆರಿಸಿದ್ದಳು. ನೆರಳಲ್ಲೇ ಕೆಲಸ ಮಾಡಿದ್ದಳು. ಬೀಜಕ್ಕೆ ಬೇರೆ ಔಷಧ ಹಚ್ಚಿರಲಿಲ್ಲ. ಎಲ್ಲ ನಾನು ಹೇಳಿದ ಹಾಗೆಯೇ. ಹಾಗಾದರೆ ಆ ಪಾಕೀಟು ಎಲ್ಲಿ ಅಂದೆ.

“ಅದನ್ನ ಇಡೀ ಹಾಕಿಲ್ಲ ತಂಗಿ. ಜಾಸ್ತ ಹಾಕಬ್ಯಾಡ ಅಂದಿದ್ದ್ಯಲ್ಲ ನೀ. ಚಿಟಿಕಿ ಚಿಟಿಕಿನೇ ಹಾಕೀನಿ.”

ನಮ್ಮ ಮನೆಮಾತಿನಲ್ಲಿ ಸತುವಿಗೆ ಜಸ್ತ ಅನ್ನುತ್ತೇವೆ. ಹೆಚ್ಚು ಅನ್ನುವುದಕ್ಕೆ ಮರಾಠಿಯ ಜಾಸ್ತ. ನಡುವೆ ಇರುವುದು ಒಂದು ದೀರ್ಘ, ಅಷ್ಟೇ. ಉಪ್ಪು ಜಾಸ್ತ ಹಾಕಬ್ಯಾಡ, ಸಕ್ಕರೆ ಜಾಸ್ತ ಹಾಕಬ್ಯಾಡ ಎಂದು ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದ ಕಿವಿ ಅವಳದು. ಗಾಳಿಯಲ್ಲಿ ನಾನು ಗಡಿಬಿಡಿಯಿಂದ ಅಂದದ್ದು ಅವಳಿಗೆ ಹಾಗೆ ಕೇಳಿಸಿತು. ಎಷ್ಟು ಹಾಕಲಿ ಎಂದು ಕೇಳಲು ಮತ್ತೆ ಎರಡು ಸಲ ಫೋನು ಮಾಡಿದ್ದಳು. ನಾನು ಎತ್ತಲಿಲ್ಲ. ತಂಗಿ ಓದಿದವಳು, ಸ್ವಲ್ಪ ಹಾಕಿದರೆ ಒಳ್ಳೆಯದೇ ಇರಬೇಕು ಎಂದು ಪುಡಿಯನ್ನು ಹೆಪ್ಪಿನ ಪಾತ್ರೆಯಲ್ಲೇ ಕಲಸಿ, ಚೆನ್ನಾಗಿ ಕೂಡಿಕೊಳ್ಳಲಿ ಎಂದು ಬೆಳಗಿನವರೆಗೆ ಮುಚ್ಚಿ ಇಟ್ಟಿದ್ದಳು. ಬೀಜಕ್ಕೆ ಸವರುವಾಗ ಮೇಲೆ ಇನ್ನೂ ಕೆಲವು ಚಿಟಿಕೆ ಉದುರಿಸಿದ್ದಳು. ಮನುಷ್ಯರ ಚಿಟಿಕೆ ಆ ಜೀವಾಣುಗಳಿಗೆ ಎಷ್ಟಾಗುತ್ತದೆ ಎಂಬುದನ್ನು ನಾನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ಬಿತ್ತುವ ಮೊದಲೇ ಪಾತ್ರೆಯಲ್ಲಿ ಎಲ್ಲ ಸತ್ತಿದ್ದವು. ಅವಳು ಸತ್ತ ನೀರನ್ನು ಬೀಜಕ್ಕೆ ಸವರಿ ನಾಲ್ಕು ಎಕರೆಗೆ ಬಿತ್ತಿದ್ದಳು.

ಇಲ್ಲಿ ನಾನು ಮಾಡಿದ್ದನ್ನು ಬರೆಯಲೇಬೇಕು, ಮುಚ್ಚಿಡಲು ಬರುವುದಿಲ್ಲ. ತಪ್ಪು ನನ್ನದು ಎಂದು ಒಳಗೆ ತಿಳಿದಿತ್ತು. ಪಿತ್ತ ನೆತ್ತಿಗೇರಿತ್ತು. ಇಡೀ ಹೊಲಕ್ಕೆ ಕೇಳುವಂತೆ ನಾನು ಚೀರಿದೆ.

“ಕಿವಿ ಎಲ್ಲಿಟ್ಟಿದ್ದಿ ನೀ? ಒಂದು ಮಾತು ನೆಟ್ಟಗ ಕೇಳಸ್ಕೊಳಾಕ ಬರಾಂಗಿಲ್ಲೇನ ನಿನಗ?”

ಗೂಡಿನ ಹತ್ತಿರ ಕೂತವರೆಲ್ಲ ತಿರುಗಿ ನೋಡಿದರು. ಅಕ್ಕನ ಕೈಯಲ್ಲಿ ಬೋಗುಣಿ ಹಾಗೇ ಇತ್ತು. ದೊಡ್ಡವರು ಎದ್ದು, ಪಂಚೆಗೆ ಹತ್ತಿದ ಕಸ ಝಾಡಿಸಿಕೊಂಡು, ನಿಧಾನವಾಗಿ ನಮ್ಮ ಹತ್ತಿರ ಬಂದರು. ಏನಾಯಿತೆಂದು ಕೇಳಿದರು. ಆಗ ನನಗೆ ಎಚ್ಚರವಾಯಿತು. ಇದು ನನ್ನ ತಪ್ಪು, ನಾನು ಸರಿಯಾಗಿ ಬಿಡಿಸಿ ಹೇಳಬೇಕಿತ್ತು, ಅವಳ ಒಕ್ಕಲುತನದಲ್ಲಿ ಒಂದು ಕೊರತೆಯೂ ಇಲ್ಲ, ಆ ಪುಡಿ ಬೀಳದಿದ್ದರೆ ಈ ಹೊಲ ಪಕ್ಕದವರದ್ದಕ್ಕಿಂತ ಕಪ್ಪಗೆ ನಿಲ್ಲುತ್ತಿತ್ತು, ಇನ್ನೊಂದು ಹಿಂಗಾರಿ ಕೊಡಿ ಎಂದು ಕೈಮುಗಿದು ಹೇಳಿದೆ. ಲ್ಯಾಬಿನಲ್ಲಿ ಹೆಪ್ಪು ಇನ್ನೂ ಇದೆ, ಮತ್ತೆ ಬೆಳೆಸಿ ಕೊಡುತ್ತೇನೆ ಅಂದೆ. ಅವರು ಪೂರ್ತಿ ಕೇಳಿದರು. ಕೇಳಿ ಮುಗಿಸಿ ಹಿರಿಯರ ಕಡೆ ಒಮ್ಮೆ ನೋಡಿದರು.

“ಮಾತು ಕೇಳಸ್ಕೊಳಾಕ ಬರದಾಕಿ ಒಕ್ಕಲುತನ ಹ್ಯಾಂಗ ಮಾಡ್ತಾಳ್ರೀ, ಮ್ಯಾಡಮ್‌ರ? ಇದು ನಾ ಅಂದ ಮಾತಲ್ಲ. ನೀವೇ ಅಂದೀರಿ.”

ಅಕ್ಕ ಚರಗ ಚೆಲ್ಲಿ ಮುಗಿಸಿದಳು. ಒಂದು ಮೂಲೆಯನ್ನೂ ಬಿಡಲಿಲ್ಲ. ಆಮೇಲೆ ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು. ನಾನು ಎಲೆ ಬಿಟ್ಟು ಏಳುವಾಗ, ಬಸ್ಸಿಗೆ ಹೊತ್ತಾಯಿತು ಹೋಗು ಅಂದಳು. ಅವಳು ಅತ್ತಿದ್ದರೆ, ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ಕಡಲೆ ಮೊಣಕಾಲಿಗೂ ಬರಲಿಲ್ಲ. ರಾಶಿ ಮಾಡುವ ದಿನ ನನ್ನನ್ನು ಕರೆಯಲಿಲ್ಲ. ಉಗಾದಿಯ ಹೊತ್ತಿಗೆ ದೊಡ್ಡವರ ಟ್ರ್ಯಾಕ್ಟರು ರಸ್ತೆಯ ಹೊಲಕ್ಕೆ ಇಳಿದು ನಡುವಿನ ಬದು ಒಡೆಯಿತು ಎಂದು ಕೇಳಿದೆ. ನಾನು ಲ್ಯಾಬಿನಲ್ಲಿ ಹೆಪ್ಪನ್ನು ಹೊಸ ನಳಿಕೆಗೆ ಹಚ್ಚುತ್ತಲೇ ಇದ್ದೆ. ಅದು ಚೆನ್ನಾಗಿ ಬೆಳೆಯುತ್ತಿತ್ತು, ಹಾಕಲು ಹೊಲವಿರಲಿಲ್ಲ. ಅಕ್ಕನಿಗೆ ಫೋನು ಮಾಡಿದರೆ ಆರಾಮ ಇದ್ದೇನೆ ಅನ್ನುವಳು. ಉಂಡೆಯಾ ಎಂದರೆ ಉಂಡೆ ಅನ್ನುವಳು. ಬೇರೆ ಏನೂ ಹೇಳುತ್ತಿರಲಿಲ್ಲ, ಏನೂ ಕೇಳುತ್ತಲೂ ಇರಲಿಲ್ಲ.

ಈ ವರ್ಷ ಬಿತ್ತನೆಯ ಹೊತ್ತಿಗೆ ದೊಡ್ಡವರೇ ಫೋನು ಮಾಡಿದರು. ಅವರಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು. ಕ್ಷೇಮ ಸಮಾಚಾರ ಎಲ್ಲ ಕೇಳಿದ ಮೇಲೆ ವಿಷಯಕ್ಕೆ ಬಂದರು. ಅಂಗಡಿಯವನ ಹತ್ತಿರ ವಿಚಾರಿಸಿದೆ, ಹೋದ ವರ್ಷ ಬೆಳೆ ಕೆಟ್ಟದ್ದು ಪುಡಿ ಕಡಿಮೆ ಬಿದ್ದದ್ದಕ್ಕೆ ಎಂದು ಅವನು ಹೇಳಿದ, ಈ ಸಲ ಎಲ್ಲ ಹೊಲಕ್ಕೂ ತಂದಿದ್ದೇನೆ, ಪೂರ್ತಿ ಅಳತೆ ಹಾಕುತ್ತಿದ್ದೇವೆ, ನೀವು ಓದಿದವರು, ಒಂದು ಮಾತು ಕೇಳೋಣ ಅನಿಸಿತು ಎಂದರು.

ಕುರ್ಚಿಯಿಂದ ಎದ್ದು, ಕಿಟಕಿಯ ಹತ್ತಿರ ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಜಸ್ತ ಅಂದೆ, ಝಿಂಕ್ ಅಂದೆ, ಆ ಬಿಳಿ ಪುಡಿ ಅಂದೆ. ಒಂದು ಕಣವನ್ನೂ ಹಾಕಬೇಡಿ, ನೆಲದೊಳಗಿನ ಜೀವ ಸಾಯುತ್ತದೆ, ಹೋದ ವರ್ಷ ನಾಲ್ಕು ಎಕರೆಗೆ ಆದದ್ದು ಈಗ ಇಡೀ ಹೊಲಕ್ಕೆ ಆಗುತ್ತದೆ, ಆಮೇಲೆ ಅದು ಎಷ್ಟು ವರ್ಷಕ್ಕೆ ಸುಧಾರಿಸುತ್ತದೆ ಎಂದು ನನಗೂ ಗೊತ್ತಿಲ್ಲ ಅಂದೆ. ಹೌದ್ರಿ, ಹೌದ್ರಿ ಎಂದು ಕೇಳಿಕೊಂಡರು. ಕಡೆಗೆ, ಹೋದ ವರ್ಷವೂ ನೀವು ಬೇಡ ಅಂದಿದ್ದಿರಂತೆ, ಏನಾಯಿತು ನೋಡಿದಿರಲ್ಲ ಎಂದು ಮೆಲ್ಲಗೆ ನಕ್ಕರು.

ಅವರ ನಗೆಯ ಹಿಂದೆ ಯಾರೋ ಕೆಮ್ಮುತ್ತಿದ್ದರು. ಬಿಡದೆ ಬರುವ ಒಣ ಕೆಮ್ಮು. ಅದು ಯಾರು ಎಂದು ಕೇಳಿದೆ. ನಿಮ್ಮ ಅಕ್ಕನೇ, ಬೀಜಕ್ಕೆ ಪುಡಿ ಕಲಸುತ್ತಿದ್ದಾಳೆ, ಹೋದ ವರ್ಷದ ರೂಢಿ ಇದೆಯಲ್ಲ ಅಂದರು. ಅವಳಿಗೆ ಫೋನು ಕೊಡಿ ಅಂದೆ. ಫೋನು ಅಕ್ಕನ ಕೈಗೆ ಹೋಯಿತು. ನಾನು ಅಳುತ್ತಲೇ ಹೇಳಿದೆ. ಕೈ ತೆಗೆ ಅಕ್ಕಾ, ಬಾಯಿಗೆ ಸೆರಗು ಕಟ್ಟಿಕೋ, ಆ ಪುಡಿ ಬಿಟ್ಟು ದೂರ ಬಾ, ನಾನು ಈಗಲೇ ಬಸ್ಸು ಹತ್ತುತ್ತೇನೆ, ಒಂದು ಮಾತು ಕೇಳು ಅಂದೆ.

“ಕೇಳಸ್ಕೊಂಡೀನಿ, ತಂಗಿ” ಅಂದಳು ಅಕ್ಕ. “ಈ ಸಲ ನೆಟ್ಟಗ ಕೇಳಸ್ಕೊಂಡೀನಿ. ಅವರು ಎಷ್ಟ್ ಹಾಕಂತಾರೋ ಅಷ್ಟ್ ಹಾಕಾಕತ್ತೀನಿ.”